ಸೋತವರನ್ನು ಮನೆಗೆ ಕಳುಹಿಸಿ

ಗದಗ
ಆಡುವರ್ಷ ೯೮, ಮೂವತ್ತೊಂದನೇ ತಿಂಗಳು, ಮಂಗಳವಾರ

ಕಾಲೇಜು ಫುಟ್‌ಬಾಲ್ ಸಮಿತಿಯ ಹಿರಿಯರಿಗೆ,

ನಿಮ್ಮ ಕ್ಯಾಲೆಂಡರಿನಲ್ಲಿ ಮೂವತ್ತೊಂದನೇ ತಿಂಗಳಿಲ್ಲ ಎಂದು ಬಲ್ಲೆ. ನಮ್ಮಲ್ಲಿದೆ. ಟೂರ್ನಿಯಲ್ಲಿ ತನ್ನ ಆಟ ಮುಗಿಯದೆ ಕಾಲೇಜಿನ ವರ್ಷ ಮುಗಿಯುವುದಿಲ್ಲ. ಅದನ್ನೇ ಆಡುವರ್ಷ ಎನ್ನುತ್ತೇವೆ. ನಿಮಗಿಂತ ನೂರಾ ಮೂವತ್ತು ವರ್ಷ ಮುಂದೆ ಕೂತು ಬರೆಯುತ್ತಿದ್ದೇನೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ದಾಕ್ಷಾಯಣಿ ಹುಲಕೋಟಿ, ವಯಸ್ಸು ಹತ್ತೊಂಬತ್ತು.

ನಮ್ಮ ಕಾಲೇಜಿನ ಬೂಟುಗಳ ಕಪಾಟಿನಡಿ ನಿಮ್ಮ ಕಾಲದಲ್ಲಿ ಸಮಿತಿಯ ಮತದಾನಕ್ಕೆಂದು ಹಂಚಿದ ಎರಡು ಕರಪತ್ರ ಸಿಕ್ಕವು. ಒಂದು, ಕೊನೆಯ ಸುತ್ತಿಗೆ ನಾಲ್ಕೇ ತಂಡ ಸಾಕು ಎನ್ನುತ್ತದೆ. ಇನ್ನೊಂದು, ಹನ್ನೆರಡು ಬೇಕು, ಇಲ್ಲದಿದ್ದರೆ ಸಣ್ಣ ಊರಿನ ಕಾಲೇಜುಗಳು ಹೊರಗೇ ನಿಲ್ಲುತ್ತವೆ ಎನ್ನುತ್ತದೆ. ಎರಡನೆಯದು ನ್ಯಾಯದ ಮಾತು. ಆದರೆ ಅದರ ಕೊನೆಯಲ್ಲಿ ಆಟಗಾರರ ಮೇಲಿನ ಕರುಣೆಯಿಂದ ಒಂದು ಸಾಲು ಸೇರಿಸಿದ್ದೀರಿ: ಆಟದಲ್ಲಿ ಉಳಿದಿರುವ ಕಾಲೇಜಿಗೆ ಪರೀಕ್ಷೆ ಮುಂದೂಡಲಾಗುವುದು. ನಾವು ಬದುಕುತ್ತಿರುವುದು ಆ ಸಾಲಿನೊಳಗೆ.

ಹನ್ನೆರಡು ಇಪ್ಪತ್ತನಾಲ್ಕಾಯಿತು, ಆಮೇಲೆ ತೊಂಬತ್ತಾರಾಯಿತು. ಪ್ರತಿ ಸಲವೂ ಹೊರಗುಳಿದವರಿಗೆ ನ್ಯಾಯ ಕೊಡಿಸುವ ಹೆಸರಿನಲ್ಲೇ. ಈಗ ನಮ್ಮ ಕಾಲೇಜಿನ ಅಂತಿಮ ವರ್ಷದ ತರಗತಿಯಲ್ಲಿ ಇಬ್ಬರು ತಾಯಂದಿರಿದ್ದಾರೆ, ಒಬ್ಬನ ತಲೆ ನರೆಯುತ್ತಿದೆ. ಭೌತಶಾಸ್ತ್ರದ ಮೇಷ್ಟ್ರು ಒಂದೇ ಪಾಠವನ್ನು ನಾಲ್ಕನೇ ಬಾರಿ ಮಾಡುತ್ತಿದ್ದಾರೆ, ಮುಂದಿನದಕ್ಕೆ ಹೋಗಲು ಪರೀಕ್ಷೆ ಆಗಿಲ್ಲ. ತಂಡ ಬಿಟ್ಟವನ ಹೆಸರನ್ನು ಕಾಲೇಜಿನಿಂದಲೇ ಹೊಡೆದುಹಾಕುತ್ತಾರೆ. ತಂಡ ಸೋತರೆ ಮಾತ್ರ ಎಲ್ಲರೂ ಮುಂದಿನ ತಿಂಗಳು ಪರೀಕ್ಷೆ ಬರೆದು ಹೊರಬೀಳಬಹುದು.

ನನ್ನ ಅಣ್ಣ ಮಹಾಂತೇಶ ನಮ್ಮ ಗೋಲ್‌ಕೀಪರ್. ಹದಿನೆಂಟಕ್ಕೆ ಸೇರಿದವನಿಗೆ ಈಗ ಇಪ್ಪತ್ತಾರು. ಬಲ ಮೊಣಕಾಲಿಗೆ ಎರಡು ಬಾರಿ ಶಸ್ತ್ರಚಿಕಿತ್ಸೆಯಾಗಿದೆ. ಇನ್ನೊಮ್ಮೆ ಕೆಟ್ಟದಾಗಿ ಬಿದ್ದರೆ ನೆಟ್ಟಗೆ ನಡೆಯಲಾರ ಎಂದು ಡಾಕ್ಟರು ಹೇಳಿದ್ದಾರೆ. ಭಾನುವಾರ ಬಾಗಲಕೋಟೆಯ ಮೇಲೆ ಪಂದ್ಯ. ಒಂದು ಗೋಲು ಬಿಟ್ಟುಬಿಡು ಎಂದು ಅಂಗಲಾಚಿದೆ.

"ಬಿಡಬೇಕಂತನ ನಿಂತಿರ್ತೀನಿ, ತಂಗಿ. ಬಾಲು ಬಂತಂದ್ರ ಕೈ ತಾನ ಹೋಗ್ತಾವ," ಎಂದ.

ಅವ್ವ ಒಲೆಯ ಮುಂದಿನಿಂದಲೇ ಕೂಗಿದಳು: "ಆ ಕೈ ಒಂದಿನಾನೂ ನೀರಿನ ಕೊಡಕ್ಕ ಹೋಗ್ಲಿಲ್ಲ ನೋಡು."

ಇನ್ನು ನನ್ನ ತಪ್ಪು. ಈ ಶುಕ್ರವಾರ ನಮ್ಮ ಸಮಿತಿ 'ಮರುಬಾಗಿಲು' ಎಂಬ ನಿಯಮಕ್ಕೆ ಮತ ಹಾಕಲಿದೆ. ಸೋತ ಕಾಲೇಜು ಮನೆಗೆ ಹೋಗದೆ ಇನ್ನೊಂದು ಸುತ್ತಿನಲ್ಲಿ ಆಡಬೇಕು. ಸೋತವರಿಗೂ ಅವಕಾಶ ಬೇಕೆಂದು ಅದರ ಪರವಾಗಿ ಕರಪತ್ರ ಬರೆದವಳು ನಾನು. ಸಿಕ್ಕ ಪುಸ್ತಿಕೆಗಳನ್ನೆಲ್ಲ ಓದಿದ್ದೆ, ಸಮಾನತೆ ಎಂಬ ಪದ ಕಂಡಲ್ಲೆಲ್ಲ ಅಡಿಗೆರೆ ಎಳೆದಿದ್ದೆ. ಆರು ನೂರು ಪ್ರತಿ ಹಂಚಿದೆ. ಅಣ್ಣ ಅದನ್ನು ಎರಡು ಸಲ ಓದಿ ನಕ್ಕ.

"ಚಲೋ ಬರದೀ, ದಾಕ್ಷಿ. ನಾ ಹೊರಗ ಬೀಳೂ ಬಾಗಲ ಒಂದ ಇತ್ತು. ಅದಕ್ಕೂ ಕೀಲಿ ಹಾಕಿದಿ."

ಮರುದಿನದಿಂದ ಮನೆಮನೆಗೆ ಹೋಗಿ ನನ್ನ ಕರಪತ್ರ ವಾಪಸು ಕೇಳಿದೆ. ಒಬ್ಬರೂ ಕೊಡಲಿಲ್ಲ. ಅಷ್ಟು ಚೆನ್ನಾಗಿ ಬರೆದಿದ್ದೆನಂತೆ. ಸಮಿತಿಯ ಸದಸ್ಯರೊಬ್ಬರು ಅದರ ಕೊನೆಯ ಸಾಲನ್ನು ನನಗೇ ಓದಿ ಹೇಳಿ ಬಾಗಿಲು ಹಾಕಿಕೊಂಡರು. ಇಲ್ಲಿ ಕೇಳುವವರು ಉಳಿದಿಲ್ಲ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಮತದಾನ ಯಾವತ್ತು ಎಂಬುದು ತಿಳಿಯದು, ಕರಪತ್ರದ ಆ ಮೂಲೆ ಹರಿದಿದೆ. ನಾಲ್ಕಕ್ಕೇ ನಿಲ್ಲಿಸಿ ಎಂದು ಕೇಳುವುದಿಲ್ಲ. ಸಣ್ಣ ಊರುಗಳನ್ನು ಒಳಗೆ ಕರೆಯಿರಿ, ಹನ್ನೆರಡು ಮಾಡಿ. ಆದರೆ ಆ ಒಂದು ಸಾಲನ್ನು ಹೊಡೆದುಹಾಕಿ. ಪರೀಕ್ಷೆಯ ದಿನವನ್ನು ಮೊದಲು ಬರೆಯಿರಿ, ಆಟವನ್ನು ಆಮೇಲೆ. ಸೋತವರನ್ನು ಮನೆಗೆ ಹೋಗಲು ಬಿಡಿ; ಅದಕ್ಕಿಂತ ದೊಡ್ಡ ಕರುಣೆ ನಮಗೆ ಗೊತ್ತಿಲ್ಲ.

ಅಣ್ಣ ಅಭ್ಯಾಸಕ್ಕೆ ಹೊರಟಿದ್ದಾನೆ. ಮೊಣಕಾಲು ಮಡಚಲು ಬರುತ್ತಿಲ್ಲ. ಅವ್ವ ನೆಲಕ್ಕೆ ಕೂತು ಅವನ ಬೂಟಿನ ಲೇಸು ಕಟ್ಟುತ್ತಿದ್ದಾಳೆ.