ಹಲ್ಲಿಯ ಪಾದದ ಪಟ್ಟಿ ಮತ್ತು ನನ್ನ ಸಾಂಬಾರು

ನಮ್ಮ ಸಾಂತಾಕ್ರೂಜ್ ಸೊಸೈಟಿಯ ಮಾನ್ಯ ಕಾರ್ಯದರ್ಶಿಗಳೇ,

ನನ್ನ ರಕ್ತದ ಸಕ್ಕರೆಯನ್ನು ನೀವು ಇಡೀ ಬಿಲ್ಡಿಂಗಿಗೆ ಹಂಚುತ್ತಿದ್ದೀರಿ. ಗಣಪತಿಯ ಪ್ರಸಾದವನ್ನೂ ಇಷ್ಟು ಧಾರಾಳವಾಗಿ ಹಂಚಿದ್ದು ನನಗೆ ನೆನಪಿಲ್ಲ.

ಸೊಸೆ ನಿಶಾಳ ಒತ್ತಾಯಕ್ಕೆ ನಿಮ್ಮ 'ಆರೋಗ್ಯ ಬಳಗ' ಸೇರಿದೆ. ಸಕ್ಕರೆ ಅಳೆಯುವ ಪಟ್ಟಿಯೊಂದನ್ನು ತೋಳಿಗೆ ಅಂಟಿಸಿದಿರಿ. ಇದಕ್ಕೆ ಗೋಂದು ಬೇಡ, ಹಲ್ಲಿಯ ಪಾದ ನೋಡಿ ಕಲಿತ ತಂತ್ರಜ್ಞಾನ ಎಂದು ಎದೆಯುಬ್ಬಿಸಿ ವಿವರಿಸಿದಿರಿ. ಲೆಕ್ಕ ಡಾಕ್ಟರಿಗೆ ಹೋಗುತ್ತದೆ ಎಂದಿರಿ, ವಾಟ್ಸಾಪ್ ಗ್ರೂಪಿಗೂ ಹೋಗುತ್ತದೆ ಎನ್ನಲಿಲ್ಲ. ಮೈಮೇಲೆ ಹಲ್ಲಿ ಬಿದ್ದರೆ ತಲೆಗೆ ನೀರು ಹಾಕಿಕೊಳ್ಳುವ ಮನೆಯವಳು ನಾನು. ಆದರೂ ವಿಜ್ಞಾನಕ್ಕೆ ಮರ್ಯಾದೆ ಕೊಟ್ಟು ತೋಳು ಚಾಚಿದೆ. ಗೋಡೆಯ ಹಲ್ಲಿ ನನ್ನ ಮಾತಿಗೆ ಲೊಚಗುಟ್ಟಿ ಹೌದೆಂದು ಸುಮ್ಮನಾಗುತ್ತದೆ. ನಿಮ್ಮದು ಮೂರನೇ ಮಹಡಿಗೂ ಚಾಡಿ ಹೇಳುತ್ತದೆ. ಹಲ್ಲಿಯ ಪಾದವನ್ನು ಕಲಿತವರು ಅದರ ಸಭ್ಯತೆಯನ್ನೇಕೆ ಬಿಟ್ಟರು?

ಬಿಲ್ಡಿಂಗಿನ ಕೆಳಗಿರುವ ನಮ್ಮ ಹೋಟೆಲಿನಲ್ಲಿ ನಾನು ರುಚಿ ನೋಡದೆ ಯಾವ ಪಾತ್ರೆಯೂ ಒಲೆಯಿಂದ ಇಳಿಯುತ್ತಿರಲಿಲ್ಲ. ಗಂಡ ಹೋದ ಮೇಲೆ ಆ ಹೋಟೆಲು ನಿಂತಿದ್ದೇ ನನ್ನ ನಾಲಿಗೆಯ ಮೇಲೆ. ಕಳೆದ ಸೋಮವಾರ ಶೀರಾ ರುಚಿ ನೋಡಿ, ಚಟ್ನಿ ಮುಗಿಸಿ, ಸಾಂಬಾರಿಗೆ ಸೌಟು ಹಾಕಿದ್ದೆ. ಅಷ್ಟರಲ್ಲಿ ನನ್ನ ಸಕ್ಕರೆ ಏರಿತೆಂದು ಬಳಗದವರೆಲ್ಲರ ಫೋನು ಕೂಗಿತು, ಹಿಂದೆಯೇ ಗ್ರೂಪಿನಲ್ಲಿ ನಿಮ್ಮ ಆಜ್ಞೆ ಬಂತು: 'ಸೇವಂತಿ ಆಂಟಿಯನ್ನು ಅಡುಗೆಮನೆಯಿಂದ ದೂರವಿಡಿ.'

"ಅತ್ತೆ, ಪ್ಲೀಸ್, ಸೌಟು ನೀಚೆ ಇಡಿ. ಗ್ರೂಪಲ್ಲಿ ಸಬ್ ಲೋಗ್ ನೋಡ್ತಿದ್ದಾರೆ" ಎಂದಳು ನಿಶಾ, ತನ್ನ ಹಿಂದಿ ಬೆರೆತ ಕನ್ನಡದಲ್ಲಿ.

"ನಿಮ್ಮ ಶುಗರ್ ಮೇಲೆ ಹೋಗ್ತಾ ಉಂಟಂತೆ. ನೀವು ಗಲ್ಲಾದಲ್ಲಿ ಕೂತ್ಕೊಳ್ಳಿ ಅಮ್ಮ, ಇಲ್ಲಿ ನಾನು ನೋಡ್ಕೊಳ್ತೇನೆ" ಎಂದ ಅಡುಗೆಯ ಕೊರಗಪ್ಪ. ಹಿಂದಿನ ದಿನದವರೆಗೂ ನನ್ನನ್ನು ಕೇಳಿ ಉಪ್ಪು ಹಾಕುತ್ತಿದ್ದವನು.

ನೋಡಿಕೊಂಡ. ಉಪ್ಪು ಎರಡು ಸಲ ಬಿತ್ತು. ನಮ್ಮೂರಿನವರೇ ಆದ ಟ್ಯಾಕ್ಸಿಯವರೊಬ್ಬರು ಇಡ್ಲಿ ಬಿಟ್ಟೆದ್ದು, "ಅಮ್ಮ, ಇವತ್ತು ನೀರು ಜುಹೂ ಸಮುದ್ರದ್ದಾ?" ಎಂದು ಕೇಳಿ ಹೊರಟರು. ಮತ್ತೆ ಬಂದಿಲ್ಲ. ನಾನಿನ್ನೂ ಗಲ್ಲಾದಲ್ಲೇ ಕೂತು, ಜನ ಬಟ್ಟಲಲ್ಲಿ ಬಿಟ್ಟುಹೋಗುವ ಸಾಂಬಾರನ್ನು ನೋಡುತ್ತಿದ್ದೇನೆ.

ಡಾಕ್ಟರನ್ನು ಕೇಳಿದೆ. "ರುಚಿಗೆ ಒಂದು ಚಮಚ ಸಾಕು, ಬಟ್ಟಲು ತುಂಬಬೇಡಿ" ಎಂದರು. ಅವರು ಓದಿದ್ದು ವೈದ್ಯಕೀಯ. ತಾವು ಓದಿದ್ದು ಪಾರ್ಕಿಂಗ್ ನಿಯಮಾವಳಿ ಎಂದು ಕೇಳಿದ್ದೇನೆ, ಸರಿಯೇ?

ಪಟ್ಟಿ ತೋಳಿನಲ್ಲೇ ಇರಲಿ. ಅದರ ವರದಿ ಡಾಕ್ಟರಿಗೆ ಹೋಗಲಿ, ನಿಶಾಳಿಗೂ ಹೋಗಲಿ. ಉಳಿದವರೆಲ್ಲರ ಫೋನಿನಿಂದ ನನ್ನ ಹೆಸರು ಇಂದೇ ತೆಗೆಯಿರಿ. ನಾಳೆ ಬೆಳಿಗ್ಗೆ ನಾನು ಒಲೆಯ ಮುಂದಿರುತ್ತೇನೆ. ಹೆಸರು ತೆಗೆಯದಿದ್ದರೆ ನಿಮ್ಮ ಫೋನು ಕೂಗುತ್ತದೆ. ಗಾಬರಿಯಾಗಬೇಡಿ. ಶೀರಾ ಸರಿಯಾಗಿದೆ ಎಂದು ತಿಳಿದು ತಿನ್ನಲು ಬನ್ನಿ.

ಇಂತಿ,
ಸಕ್ಕರೆ ಸ್ವಲ್ಪ ಹೆಚ್ಚಿರುವ, ಹೆದರಿಕೆ ಸ್ವಲ್ಪ ಕಡಿಮೆಯಿರುವ
ಸೇವಂತಿ