ಬದಲಾವಣೆ ಮಾಡಿದವರು

ಜನವರಿ ೯, ಮಧ್ಯಾಹ್ನ

ಮತ್ತೆ ಅದೇ ಗೋಳು. ಡಯಾಲಿಸಿಸ್ ಸೋಂಕಿನ ಲೇಖನ ಮೂವರ ಈಮೇಲಿನಲ್ಲಿ ಮೂರು ರೂಪದಲ್ಲಿದೆ. ಹೋದ ವಾರ ಸತ್ತವರ ಸಂಖ್ಯೆಯನ್ನು ಏಳರಿಂದ ಒಂಬತ್ತಕ್ಕೆ ತಿದ್ದಿದ್ದೆ. ಇವತ್ತು ದೊಡ್ಡವರು—ನಮ್ಮ ವಿಭಾಗದ ಮುಖ್ಯಸ್ಥರು—ಯಾವುದೋ ಹಳೆಯ ವರ್ಡ್ ಫೈಲಿನ ಮೇಲೆ ಕೆಂಪು ಗೀಚಿ ಕಳಿಸಿದ್ದಾರೆ. ಮತ್ತೆ ಏಳು. ಸತ್ತ ಇಬ್ಬರನ್ನು ಎಬ್ಬಿಸಿ ಕೂರಿಸಿದ್ದಾರೆ. ವೈದ್ಯರೆಂದರೆ ಹೀಗಿರಬೇಕು!

ಜನವರಿ ೧೨

ಮೀಟಿಂಗಿನಲ್ಲಿ ತಡೆಯಲಾಗದೆ ಹೇಳಿಯೇಬಿಟ್ಟೆ. ಎಲ್ಲರೂ ಒಂದೇ ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆಯೋಣ. ಅದನ್ನು ಕಾಯಲು ಒಂದು ಪ್ರೋಗ್ರಾಂ ಇದೆ; ಯಾವ ಸಾಲನ್ನು ಯಾರು, ಯಾವಾಗ ಬದಲಿಸಿದರು ಎಂದು ಅದೇ ನೆನಪಿಟ್ಟುಕೊಳ್ಳುತ್ತದೆ. ಹಳೆಯದು ಹೊಸದನ್ನು ನುಂಗುವುದಿಲ್ಲ. ದೊಡ್ಡವರು ಸ್ಕ್ರೀನ್ ನೋಡಿ ಮುಖ ಸಿಂಡರಿಸಿದರು.

"ಏನಮ್ಮಾ ಇದು, ಬೋಳು ಬೋಳಾಗಿದೆ. ಬೋಲ್ಡ್ ಎಲ್ಲಿ? ಟೇಬಲ್ಲಿಗೆ ಗೆರೆ ಎಲ್ಲಿ?"

"ಸಿಂಗಾರ ಎಲ್ಲಾ ಕೊನೇಲಿ ಸರ್. ಮೊದ್ಲು ಮಾತು ಸರಿಯಾಗ್ಲಿ. ಯಾರು ಏನು ಬರೆದ್ರು ಅನ್ನೋದೂ ಇದ್ರಲ್ಲಿರುತ್ತೆ. ಇದು ಸುಳ್ಳು ಹೇಳಲ್ಲ."

"ಸರಿ, ಮಾಡು. ನಂಗೆ ಕಲಿಸೋಕೆ ಮಾತ್ರ ಬರಬೇಡ."

ಪಕ್ಕದ ಕಟ್ಟಡದ ಸ್ಟ್ಯಾಟ್ಸ್ ಮೇಡಂ ಒಬ್ಬರೇ ಖುಷಿಪಟ್ಟರು. ಅಂಕಿಅಂಶದ ಭಾಗ ಅವರದು. ರೋಗಿಗಳ ಹೆಸರಿಲ್ಲದ ಅಂಕಿ ಕೊಟ್ಟರೆ ಸಾಕು, ತಮ್ಮ ಲ್ಯಾಪ್‌ಟಾಪಿನಲ್ಲೇ ಬರೆದು ಇದಕ್ಕೆ ಸೇರಿಸುತ್ತಾರಂತೆ.

ಜನವರಿ ೧೩, ಸಂಜೆ

ರೋಗಿಗಳ ವಿವರ ವಿಭಾಗದಿಂದ ಆಚೆ ಹೋಗಬಾರದು. ಇಲ್ಲಿ ನನಗೆಂದು ಕಂಪ್ಯೂಟರ್ ಇಲ್ಲ, ಹಾಗಾಗಿ ದೊಡ್ಡವರ ಕೋಣೆಯ ಕಂಪ್ಯೂಟರಿನಲ್ಲೇ ಎಲ್ಲವನ್ನೂ ಜೋಡಿಸಿದೆ. ಅವರು ಅದನ್ನು ಮುಟ್ಟುವುದು ಇಸ್ಪೀಟು ಆಡಲು ಮಾತ್ರ. ಶುರುವಿನಲ್ಲಿ ಆ ಪ್ರೋಗ್ರಾಂ ಒಮ್ಮೆ ಬಳಸುವವರ ಹೆಸರು ಕೇಳಿತು. ಕಂಪ್ಯೂಟರ್ ಅವರದು, ಅವರ ಹೆಸರೇ ಹಾಕಿದೆ. ಒಂದು ಸಾಲನ್ನಾದರೂ ತಿದ್ದಿಯಾರು ಎಂಬ ಆಸೆ.

ಮನೆಗೆ ಬಂದು ಅಕ್ಕನಿಗೆ ಹೇಳಿದೆ—ಲೇಖನದಲ್ಲಿ ಮೊದಲ ಹೆಸರು ನನ್ನದಾದರೆ ಕೆಲಸ ಖಾಯಂ. ಇಲ್ಲವಾದರೆ ಜುಲೈಗೆ ಗಂಟುಮೂಟೆ ಕಟ್ಟಬೇಕು.

"ಬರೆದು ಕೊಟ್ಟಿದ್ದಾರೇನೇ?"

"ದೊಡ್ಡವರು ಬಾಯಲ್ಲಿ ಹೇಳಿದ್ದಾರೆ."

ಅಕ್ಕ ಬಟ್ಟೆ ಮಡಿಸುತ್ತಾ "ಹ್ಞೂಂ" ಅಂದಳು. ಆ "ಹ್ಞೂಂ" ನನಗೆ ಇಷ್ಟವಾಗಲಿಲ್ಲ.

ಫೆಬ್ರವರಿ ೨೦

ಚೆನ್ನಾಗಿ ಸಾಗಿದೆ. ದೊಡ್ಡವರು ರೌಂಡ್ಸಿಗೆ ಹೊರಟ ಕೂಡಲೇ ಅವರ ಕುರ್ಚಿಯಲ್ಲಿ ನಾನು. ಒಂದು ವಾಕ್ಯಕ್ಕೆ ಒಂದು ಸಾಲು. ಚರ್ಚೆಯ ಭಾಗ ಪೂರ್ತಿ ಕಿತ್ತು ಹೊಸದಾಗಿ ಬರೆದೆ. ಒಂಬತ್ತು ಒಂಬತ್ತಾಗಿಯೇ ಉಳಿದಿದೆ. ಅಷ್ಟಕ್ಕೇ ಕಣ್ಣು ತುಂಬಿತು, ಹುಚ್ಚಿ.

ಮೇ ೬

ಲೇಖಕರ ಹೆಸರುಗಳು ಬಂದವು. ಮೊದಲು ದೊಡ್ಡವರು. ಆಮೇಲೆ ಸ್ಟ್ಯಾಟ್ಸ್ ಮೇಡಂ. ಅಷ್ಟೇ.

ನೇರ ದೊಡ್ಡವರ ಹತ್ತಿರ ಹೋಗಿ ಕೇಳಿದೆ. ಸಿಟ್ಟಿಗೆ ಬಾಗಿಲೂ ತಟ್ಟಲಿಲ್ಲ.

"ಯಾರು ಬರೆದ್ರು ಅಂತ ಅದೇ ಹೇಳುತ್ತೆ ಅಂದಿದ್ಯಲ್ಲಮ್ಮಾ. ರಿಸರ್ಚ್ ಕಮಿಟಿ ಮುಂದೆ ತೆಗೆದು ತೋರ್ಸು. ನಂದೇನೂ ಅಭ್ಯಂತರ ಇಲ್ಲ."

ಒಳಗೊಳಗೇ ನಕ್ಕೆ. ತಾವೇ ಬಂದು ಹಳ್ಳಕ್ಕೆ ಬಿದ್ದರು ಅಂದುಕೊಂಡೆ.

ಮೇ ೮

ತೋರಿಸಿದೆ. ಕಮಿಟಿಯವರ ಎದುರು, ದೊಡ್ಡ ಪರದೆಯ ಮೇಲೆ. "ಬದಲಾವಣೆ ಮಾಡಿದವರು"—ದೊಡ್ಡವರು. ಕೆಳಗೆ ಹೋದೆ. ದೊಡ್ಡವರು. ಇನ್ನೂ ಕೆಳಗೆ... ನಡುನಡುವೆ ಸ್ಟ್ಯಾಟ್ಸ್ ಮೇಡಂ, ಮತ್ತೆ ದೊಡ್ಡವರು. ಜನವರಿಯಲ್ಲಿ ನಾನೇ ಕೈಯಾರೆ ಹಾಕಿದ ಹೆಸರು. ಪ್ರೋಗ್ರಾಂ ಮತ್ತೆ ಹೆಸರು ಕೇಳಲಿಲ್ಲ. ನಾನೂ ತಿರುಗಿ ನೋಡಲಿಲ್ಲ.

"ಅವರು ರೌಂಡ್ಸಿಗೆ ಹೋದಾಗ ಅವರ ಕಂಪ್ಯೂಟರಲ್ಲಿ ನಾನು..." ಹೇಳುತ್ತಿರುವಾಗಲೇ ಕಳ್ಳಿಯ ಮಾತಿನ ಹಾಗೆ ನನಗೇ ಕೇಳಿಸಿತು. ಅವರ ರೌಂಡ್ಸಿನ ಹೊತ್ತಿಗೂ ಈ ಬದಲಾವಣೆಗಳ ಹೊತ್ತಿಗೂ ತಾಳೆ ಹಾಕಿ ನೋಡಿ ಅಂದೆ. ಯಾರೂ ಪೆನ್ನು ಎತ್ತಲಿಲ್ಲ.

"ಟೈಪಿಂಗಿಗೆ ತುಂಬಾ ಸಹಾಯ ಮಾಡಿದಾಳೆ, ಪಾಪ," ಅಂದರು ದೊಡ್ಡವರು.

ಮೆಟ್ಟಿಲ ಹತ್ತಿರ ಸ್ಟ್ಯಾಟ್ಸ್ ಮೇಡಂ ಕೈ ಹಿಡಿದರು. "ಬರೆದಿದ್ದು ನೀನೇ ಅಂತ ನಂಗೊತ್ತು ಕಣೇ. ಆದ್ರೆ ನನ್ನನ್ನ ಮಧ್ಯಕ್ಕೆ ಎಳೀಬೇಡ. ನಂದೂ ಎರಡು ಪೇಪರ್ ಅವರ ಕೈಲಿದೆ."

ಕೈ ಬಿಡಿಸಿಕೊಂಡೆ.

ಮೇ ೯

ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೇ ೨೨, ಬೆಳಿಗ್ಗೆ

ದೊಡ್ಡವರು ಕರೆದರು. ಲೇಖನ ಇವತ್ತು ಹೋಗಬೇಕಂತೆ. "ಕೊನೇಲಿ ನಿಂಗೊಂದು ಥ್ಯಾಂಕ್ಸ್ ಸೇರಿಸ್ಬೇಕು. ಈ ಬೋಳು ಫೈಲು ನಂಗೆ ಹತ್ತಲ್ಲ. ನೀನೇ ಹಾಕಿಬಿಡಮ್ಮಾ."

ಅದೇ ಕುರ್ಚಿ. ಅವರು ಪಕ್ಕದಲ್ಲೇ ನಿಂತಿದ್ದರು. ಮೊದಲು ಪ್ರೋಗ್ರಾಂನಲ್ಲಿ ಜನವರಿಯಲ್ಲಿ ಹಾಕಿದ್ದ ಅವರ ಹೆಸರು ತೆಗೆದು ನನ್ನ ಹೆಸರು ಹಾಕಿದೆ. ಅವರಿಗೆ ತಿಳಿಯಲೂ ಇಲ್ಲ. ಆಮೇಲೆ ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಟೈಪ್ ಮಾಡಿದೆ: ಟೈಪಿಂಗ್ ನೆರವಿಗಾಗಿ ಕೃತಜ್ಞತೆಗಳು, ಮುಂದೆ ನನ್ನ ಹೆಸರು. ಸೇವ್ ಮಾಡಿದೆ. ಅವರು ಹೋದ ಮೇಲೆ ತೆರೆದು ನೋಡಿದೆ. ಇಡೀ ಲೇಖನದಲ್ಲಿ ನಾನು ಬರೆದದ್ದು ಎಂದು ಅದು ಒಪ್ಪುವುದು ಒಂದೇ ಸಾಲು. ನನಗೆ ನಾನೇ ಹೇಳಿಕೊಂಡ ಥ್ಯಾಂಕ್ಸ್.