ಒಂದೇ ಬೋಗುಣಿಯ ಗುಳಿಗೆಗಳು

ಇಟೆನ್
9 ಜೂನ್ 2012

ಪ್ರೀತಿಯ ತಪ್ಸುಬೆಯ್,

ಮೊಣಕಾಲೊಂದು ಬಿಟ್ಟು ನಾನು ಪೂರ್ತಿ ಕ್ಷೇಮ. ನೀನು, ನಿನ್ನ ಯಜಮಾನರು, ಬೇಲಿ ಹಾರುವ ನಿನ್ನ ಕರು ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಬೈದುಕೊಂಡಿರುತ್ತೀ, ಬೈದುಕೋ. ಫೋನಿನಲ್ಲೇ ಹೇಳೋಣವೆಂದರೆ ಅದು ಸದಾ ನಿನ್ನ ಯಜಮಾನರ ಕಿಸೆಯಲ್ಲಿರುತ್ತದೆ. "ಓಡೋ ಹುಡುಗಿಯರೆಲ್ಲ ವಿಟಮಿನ್ ಗುಳಿಗೆ ತಗೋತಾರಂತೆ, ಜೆಮೇಲಿಗೂ ಕೊಡಿಸ್ಲಾ?" ಎಂದು ನೀನು ಕೇಳಿದ್ದು ಒಂದೇ ಸಾಲು. ಉತ್ತರಕ್ಕೆ ಇಷ್ಟು ದಿನ ಹಿಡಿಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನ್ನ ಕಥೆ. ಯಾಕೆಂದು ಕೊನೆಗೆ ಹೇಳುತ್ತೇನೆ.

ಮೊದಲು ಸಿಹಿ ಸುದ್ದಿ. ನಿನ್ನ ಮಗಳು ಆಗಲೇ ಹೇಳಿರುತ್ತಾಳೆ, ಆದರೂ ನನ್ನ ಬಾಯಿಂದಲೂ ಕೇಳು. ಕಳೆದ ಶನಿವಾರ ಆಯ್ಕೆಯ ಓಟದಲ್ಲಿ ಜೆಮೇಲಿ ಮೂರನೆಯವಳಾಗಿ ಬಂದಳು. ತಂಡಕ್ಕೆ ಬೇಕಿದ್ದವರು ಮೂವರೇ. ಕೊನೆಯ ಸುತ್ತಿನಲ್ಲಿ ಮೊಣಕೈ ಅಗಲಿಸಿಕೊಂಡು ಓಡಿದ್ದು ಥೇಟ್ ನಿನ್ನ ಹಾಗೆಯೇ. ಗೆರೆ ದಾಟಿದವಳೇ ನನ್ನ ಹತ್ತಿರ ಬಂದು, ಗೆದ್ದ ಮಾತಿಲ್ಲ ಕಥೆಯಿಲ್ಲ, "ಚಿಕ್ಕಮ್ಮಾ, ಉಗಾಲಿ ಮುದ್ದೆ ಆಗಿದ್ಯಾ?" ಎಂದಳು.

ಈಗ ಗುಳಿಗೆಯ ವಿಷಯ. ಫೆಬ್ರುವರಿಯಲ್ಲಿ ಎಲ್ಡೊರೆಟ್‌ನಿಂದ ತಲಾಯ್ ಎಂಬ ಡಾಕ್ಟರಮ್ಮ, ನಾನು ಹುಡುಗಿಯರನ್ನು ನೋಡಿಕೊಳ್ಳುವ ಈ ಓಟದ ಶಿಬಿರಕ್ಕೆ ಬಂದಳು, ನಮ್ಮ ಜನವೇ. ಹದಿನಾರು ಹುಡುಗಿಯರಿಗೂ ಒಂದೊಂದು ಡಬ್ಬಿ ಕೊಟ್ಟಳು. ಎಂಟರಲ್ಲಿ ನಿಜವಾದ ವಿಟಮಿನ್ ಸಿ ಮತ್ತು ಇ, ಎಂಟರಲ್ಲಿ ಬರೀ ಹಿಟ್ಟಿನ ಗುಳಿಗೆ. ಯಾರದು ಯಾವುದೆಂದು ಯಾರಿಗೂ ತಿಳಿಯಬಾರದು; ಗುಳಿಗೆಯಿಂದ ಓಟಕ್ಕೆ ಲಾಭವಿದೆಯೇ ಎಂದು ನೋಡುವ ಪರೀಕ್ಷೆ ಅದು. ನಾಲ್ಕನೇ ವಾರ ಅವಳು ಮತ್ತೆ ಬಂದಾಗ ಅಡುಗೆಮನೆಯಲ್ಲಿ ಒಂದು ಬೋಗುಣಿ ಕಂಡಿತು. ಹುಡುಗಿಯರು ಹದಿನಾರು ಡಬ್ಬಿಯನ್ನೂ ಅದರಲ್ಲಿ ಸುರಿದು, ಕಲಸಿ, ಸಂಜೆ ಚಹಾದ ಜೊತೆ ಕೈಗೆ ಸಿಕ್ಕಿದ್ದನ್ನು ನುಂಗುತ್ತಿದ್ದರು. ತಲಾಯ್ ತಲೆ ಮೇಲೆ ಕೈ ಹೊತ್ತು ಅಲ್ಲೇ ಕೂತಳು. ನಾನು ಗದರಿದ್ದಕ್ಕೆ ನಿನ್ನ ಮಗಳೇ ಮುಂದೆ ಬಂದಳು.

"ಒಬ್ಬಳಿಗೆ ಒಳ್ಳೇದು ಸಿಕ್ಕಿ ಪಕ್ಕದವಳಿಗೆ ಹಿಟ್ಟು ಸಿಕ್ರೆ, ನಾಳೆ ಬೆಳಿಗ್ಗೆ ಒಟ್ಟಿಗೆ ಓಡೋದು ಹೇಗೆ ಚಿಕ್ಕಮ್ಮ?"

ಡಾಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ನಾನು ಹಾಲು ಕಾಯಿಸುವ ನೆವ ಮಾಡಿ ಒಲೆಯ ಕಡೆ ತಿರುಗಿದೆ.

ಮತ್ತೆ ಮೊದಲಿನಿಂದ ಶುರುವಾಯಿತು, ಹತ್ತು ವಾರ, ನನ್ನನ್ನೇ ಕಾವಲಿಗಿಟ್ಟು. ಕಾವಲಿಗೆ ಎಂಥವಳು ಸಿಕ್ಕಳು ನೋಡು. ಮೊನ್ನೆ ತಲಾಯ್ ಬಂದು ಫಲಿತಾಂಶವನ್ನು ನನಗೆ ತಿಳಿಯುವ ಹಾಗೆ ಹೇಳಿದಳು. ಮೈ ಮುರಿದು ಓಡಿದಾಗ ನಾವು ಎಳೆದುಕೊಳ್ಳುವ ಉಸಿರೇ ಒಳಗೆ ತುಕ್ಕಿನಂಥದ್ದನ್ನು ಎಬ್ಬಿಸುತ್ತದಂತೆ. ಗುಳಿಗೆ ಅದನ್ನು ಒರೆಸುತ್ತದಂತೆ. ಆದರೆ ಇನ್ನಷ್ಟು ಗಟ್ಟಿಯಾಗು ಎಂದು ಸ್ನಾಯುಗಳಿಗೆ ಹೇಳುವುದೂ ಆ ತುಕ್ಕೇ. ಅತಿಯಾಗಿ ಒರೆಸಿದರೆ ಸುದ್ದಿ ಸರಿಯಾಗಿ ಮುಟ್ಟದೇ ಹೋಗಬಹುದಂತೆ. ನಮ್ಮ ಹುಡುಗಿಯರಲ್ಲಂತೂ ಎರಡು ಗುಂಪಿನ ಓಟಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ ಕಾಣಲಿಲ್ಲ. ಜೆಮೇಲಿ ತಿಂದದ್ದು ಹಿಟ್ಟು.

ಹಾಗಾಗಿ ನನ್ನ ಉತ್ತರ: ಏನೂ ಕೊಡಿಸಬೇಡ. ಸೊಪ್ಪು, ಹಣ್ಣು, ನಿನ್ನ ಕೈಯ ಹುಳಿಹಾಲು ಸಾಕು. ಒಂದು ಸೋರೆಬುರುಡೆ ತುಂಬ ನನಗೂ ಕಳಿಸು, ಇಲ್ಲಿಯವರು ಬುರುಡೆಯ ಒಳಗೆ ಸರಿಯಾಗಿ ಇದ್ದಿಲ ಮಸಿ ಹಚ್ಚುವುದಿಲ್ಲ, ಹಾಲಿಗೆ ಆ ರುಚಿಯೇ ಬರುವುದಿಲ್ಲ. ಬೆಳಗಾದರೆ ಈ ಹುಡುಗಿಯರ ಕಾಲಸಪ್ಪಳ ಕೇಳಿಯೇ ಏಳುತ್ತೇನೆ. ಸುಖವಾಗಿದ್ದೇನೆ ಕಣೇ. ವಾರದ ರಜೆಗೆ ಬರುತ್ತಿರುವ ಮಗಳಿಗೆ ಹೊಟ್ಟೆ ತುಂಬ ಹಾಕು. ನಿನ್ನ ಹಟ್ಟಿಯಲ್ಲಿ ಹಾಲು ಬತ್ತದಿರಲಿ, ಅವಳ ಕಾಲಿಗೆ ಕಲ್ಲು ತಾಗದಿರಲಿ.

ನಿನ್ನ
ಕಿಮೋಯಿ

ತಾ.ಕ.: ಇದು ಮರೆತು ಉಳಿದ ಮಾತಲ್ಲ. ತೊಂಬತ್ತೊಂದರಲ್ಲಿ ನಮ್ಮ ಆಯ್ಕೆಯ ಓಟಕ್ಕೆ ಮೂರು ವಾರ ಮುಂಚೆ, ಆ ಬಿಳಿಯ ತರಬೇತುದಾರ ನನ್ನ ಕೈಗೆ ಇಂಥದ್ದೇ ಡಬ್ಬಿ ಕೊಟ್ಟು, ಇಬ್ಬರೂ ದಿನಕ್ಕೊಂದು ತಿನ್ನಿ ಎಂದಿದ್ದ. ನಿನಗೆ ಹೇಳಲಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದೆವು. ಕೈ ತೊಳೆಯುವ ನೆವದಲ್ಲಿ ಕೊಟ್ಟಿಗೆಯ ಹಿಂದೆ ಹೋಗಿ ನುಂಗುತ್ತಿದ್ದೆ. ಓಟದಲ್ಲಿ ನೀನು ಒಂದು ಹೆಜ್ಜೆ ಹಿಂದೆ ಬಿದ್ದೆ. ನಾನು ತಂಡದ ಜೊತೆ ವಿಮಾನ ಹತ್ತಿದೆ, ನೀನು ಚಹಾ ತೋಟ ಸೇರಿದೆ. ಆ ಹೆಜ್ಜೆ ಗುಳಿಗೆಯದೇ ಎಂದು ಇಪ್ಪತ್ತೊಂದು ವರ್ಷ ನಂಬಿದ್ದೆ. ತಲಾಯ್ ಮಾತು ಕೇಳಿ ಮೊದಲು ಹಗುರಾದೆ, ಅದು ನನ್ನದೇ ಹೆಜ್ಜೆಯಾಗಿತ್ತಲ್ಲ ಎಂದು. ಆಮೇಲೆ ಆ ಬೋಗುಣಿ ನೆನಪಾಗಿ ಅತ್ತೆ. ಗುಳಿಗೆಯಿಂದ ಏನೂ ಆಗದಿದ್ದರೂ ನಿನ್ನಿಂದ ಮುಚ್ಚಿಟ್ಟದ್ದು ಮುಚ್ಚಿಟ್ಟದ್ದೇ. ಸಾಧ್ಯವಾದರೆ ಹೊಟ್ಟೆಗೆ ಹಾಕಿಕೋ.

ಆ ಡಬ್ಬಿ ಇಷ್ಟು ವರ್ಷ ನನ್ನ ಟ್ರಂಕಿನ ತಳದಲ್ಲಿತ್ತು. ಜೆಮೇಲಿಯ ಕೈಯಲ್ಲಿ ಕಳಿಸಿದ್ದೇನೆ. ಗುಳಿಗೆಗಳು ಹಳದಿಯಾಗಿವೆ, ತಿನ್ನಬೇಡ. ಎಣಿಸಿ ನೋಡು, ಇಪ್ಪತ್ತೊಂದಿವೆ. ನಿನ್ನ ಪಾಲು ನಾನು ಮುಟ್ಟಿಲ್ಲ.